ಹೂವಿನ ಸ್ಟಿಲ್ ಲೈಫ್‌ನಲ್ಲಿ ಬಣ್ಣ ಕೆಟ್ಟಾಗ: ದೋಷ ಹುಡುಕುವ ಕ್ರಮ

ಹಿತ್ತಾಳೆ ತಂಬಿಗೆಯಲ್ಲಿ ಹಳದಿ, ಬಿಳಿ ಸೇವಂತಿಗೆ. ನಡುವೆ ಮೂರು ಕೆಂಪು ಗುಲಾಬಿ. ಹಿಂದೆ ಇಳಿಬಿಟ್ಟ ಇಳಕಲ್ ಸೀರೆ. ಧಾರವಾಡ, ಹುಬ್ಬಳ್ಳಿ, ಗದಗಿನ ಕಡೆ ಚಿತ್ರ ಕಲಿಯುವವರು ಒಮ್ಮೆಯಾದರೂ ಇಂಥದ್ದೊಂದು ಸ್ಟಿಲ್ ಲೈಫ್ ಜೋಡಣೆಯ ಮುಂದೆ ಕೂತಿರುತ್ತಾರೆ. ಆಕಾರ ಸರಿ ಬಂದಿರುತ್ತದೆ, ಎಸಳೂ ಕೂತಿರುತ್ತವೆ. ಆದರೆ ಹಳದಿ ಹಸಿರಿಗೆ ಹೊರಳಿದೆ, ಬಿಳಿ ಹೂವು ಹಿಟ್ಟು ಬಡಿದಂತಿದೆ, ಗುಲಾಬಿ ಇಟ್ಟಿಗೆಯ ಬಣ್ಣಕ್ಕೆ ಬಂದಿದೆ. ಆಗ ಕೈ ತಾನಾಗಿ ಅದೇ ಹೂವಿನ ಮೇಲೆ ಇನ್ನಷ್ಟು ಬಣ್ಣ ಹಚ್ಚಲು ಹೋಗುತ್ತದೆ.

ಹಚ್ಚಬೇಡಿ. ಹೂವಿನ ಬಣ್ಣ ಕೆಟ್ಟಿದೆ ಅನ್ನಿಸಿದಾಗ ಹೂವನ್ನು ಕೊನೆಗೆ ಮುಟ್ಟಬೇಕು. ನೋಡಬೇಕಾದ ಕ್ರಮ ಹೀಗೆ: ಬೆಳಕು, ಟೋನ್ (ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬುದು), ಪಕ್ಕದ ಬಣ್ಣ, ಮಿಶ್ರಣ, ಎಣ್ಣೆ ಮತ್ತು ಕ್ಯಾನ್ವಾಸಿನ ತಳ, ಕಡೆಗೆ ಟ್ಯೂಬಿನೊಳಗಿನ ಬಣ್ಣದ ಪುಡಿ. ಮೊದಲ ಮೂರನ್ನು ಪರೀಕ್ಷಿಸಲು ಒಂದು ಹನಿ ಬಣ್ಣವೂ ಖರ್ಚಾಗುವುದಿಲ್ಲ, ದೋಷ ಬಹಳ ಸಲ ಅಲ್ಲೇ ಸಿಕ್ಕಿಬಿಡುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ದೀಪವನ್ನೂ ಹಿನ್ನೆಲೆಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ಇಲ್ಲಿ ಹೇಳುವುದು 16×20 ಇಂಚಿನ ಕ್ಯಾನ್ವಾಸ್ ಮೇಲಿನ ಎಣ್ಣೆ ಬಣ್ಣದ ಲೆಕ್ಕ. ಜಲವರ್ಣದ ಮಾತು ಕೊನೆಯ ಕಡೆ ಬರುತ್ತದೆ. ಅಳತೆಗೆ ಕಡಲೆ ಕಾಳು, ಜೋಳದ ಕಾಳು, ಸಾಸಿವೆ ಎಂದಿದೆ. ಪ್ಯಾಲೆಟ್ ಮೇಲೆ ಗ್ರಾಂ ತೂಗುವವರು ಯಾರೂ ಇಲ್ಲ, ಕಾಳಿನ ಗಾತ್ರ ಎಲ್ಲರ ಕಣ್ಣಿಗೂ ಗೊತ್ತು.

ಬೆಳಕು

ಒಂದು ಬಿಳಿ ಹಾಳೆಯನ್ನು ಎರಡು ತುಂಡು ಮಾಡಿ. ಒಂದನ್ನು ಹೂವಿನ ಪಕ್ಕ, ಇನ್ನೊಂದನ್ನು ಕ್ಯಾನ್ವಾಸಿನ ಪಕ್ಕ ನಿಲ್ಲಿಸಿ ನಾಲ್ಕು ಹೆಜ್ಜೆ ಹಿಂದಿನಿಂದ ನೋಡಿ. ಎರಡೂ ಒಂದೇ ಬಿಳಿಯಾಗಿ ಕಾಣಬೇಕು. ಒಂದು ಹಳದಿಯಾಗಿ, ಇನ್ನೊಂದು ನೀಲಿಯಾಗಿ ಕಂಡರೆ ಕಲಸಿದ ಬಣ್ಣವೆಲ್ಲ ಸುಳ್ಳು. ಹೂವಿಗೆ ಕಿಟಕಿಯ ಬೆಳಕು, ಕ್ಯಾನ್ವಾಸಿಗೆ ತಲೆಯ ಮೇಲಿನ ಬಲ್ಬು ಬಿದ್ದಾಗ ಆಗುವುದು ಇದೇ.

ಉತ್ತರದ ಕಿಟಕಿಯ ಬೆಳಕು ದಿನವಿಡೀ ಸ್ಥಿರ ಎಂಬ ಮಾತು ಯುರೋಪಿನಿಂದ ಬಂದದ್ದು. ಅಲ್ಲಿ ನಡುಹಗಲಿನ ಸೂರ್ಯ ಎಂದೂ ಉತ್ತರಕ್ಕೆ ಸರಿಯುವುದಿಲ್ಲ. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ತನಕ ಬೆಳಗಿನ, ಸಂಜೆಯ ಓರೆ ಬಿಸಿಲು ಉತ್ತರದ ಕಿಟಕಿಗೂ ಬಡಿಯುತ್ತದೆ. ಉತ್ತರದ ಕಿಟಕಿಯನ್ನು ನಂಬಬಹುದಾದ ತಿಂಗಳು ಅಕ್ಟೋಬರಿನಿಂದ ಫೆಬ್ರುವರಿ. ಸೇವಂತಿಗೆಯ ಸುಗ್ಗಿಯೂ ಆಗಲೇ, ಅದೊಂದು ಪುಣ್ಯ. ಉಳಿದ ತಿಂಗಳಲ್ಲಿ ಕಿಟಕಿಗೆ ತೆಳು ಬಿಳಿ ಪಂಚೆ ಅಥವಾ ಟ್ರೇಸಿಂಗ್ ಪೇಪರ್ ಕಟ್ಟಿ, ಬೆಳಗ್ಗೆ 9ರಿಂದ 11ರ ಒಳಗೆ ಕೂತು ಅಷ್ಟಕ್ಕೇ ನಿಲ್ಲಿಸಿ.

ಧಾರವಾಡದ ಕಡೆಯವರಿಗೆ ಇನ್ನೊಂದು ತೊಡಕಿದೆ. ಅಂಗಳದ ಕೆಮ್ಮಣ್ಣಿಗೆ ಬಿದ್ದ ಬಿಸಿಲು ಮೇಲಕ್ಕೆ ಹಾರಿ ಬಿಳಿ ಹೂವಿನ ಅಡಿಭಾಗಕ್ಕೆ ಕಿತ್ತಳೆ ಬಣ್ಣ ಬಳಿಯುತ್ತದೆ. ಗದಗಿನ ಎರೆಮಣ್ಣಿನ ಊರುಗಳಲ್ಲಿ ಈ ಕಾಟ ಕಡಿಮೆ. ನೆರಳು ಯಾಕೋ ಬೆಚ್ಚಗಾಗಿದೆ, ಅಂದರೆ ಕಿತ್ತಳೆಗೆ ವಾಲಿದೆ ಅನ್ನಿಸಿದರೆ ಕಿಟಕಿಯ ಹೊರಗೆ ನೆಲದ ಮೇಲೆ ಬೂದು ಬಟ್ಟೆ ಹಾಸಿ ನೋಡಿ. ನೆರಳಿನ ಬಣ್ಣ ಬದಲಾದರೆ ಕಳ್ಳ ಸಿಕ್ಕಿದ. ಒಳಗಿನ ಹಸಿರು ಗೋಡೆ, ಕೆಂಪು ಪರದೆಯ ಕೆಲಸವೂ ಹೀಗೇ.

ದೀಪದಲ್ಲೇ ಕೆಲಸ ಮಾಡುವವರು ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ (ಬಲ್ಬು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಹೆಚ್ಚು, 4000ರಿಂದ 5000 ಕೆಲ್ವಿನ್ ಎಂದಿದೆಯೇ ನೋಡಿ ತರಬೇಕು. ಮಾಮೂಲಿ ಎಲ್‌ಇಡಿಯಲ್ಲಿ ಗಾಢ ಕೆಂಪು ಸೊರಗುತ್ತದೆ. ರಾತ್ರಿ ಅದರಡಿ ಸರಿಯಾಗಿ ಕಂಡ ಗುಲಾಬಿ ಬೆಳಗ್ಗೆ ಕಣ್ಣು ಚುಚ್ಚುತ್ತದೆ.

ಹೂವೂ ಬದಲಾಗುತ್ತದೆ

ಪೇಟೆಯ ಬುಟ್ಟಿಯಲ್ಲಿ ಸಿಗುವ ಸೇವಂತಿಗೆ ಹೆಚ್ಚಾಗಿ ಮಾಲೆಗೆಂದು ಬಂದ ಬಿಡಿ ಹೂ. ತೊಟ್ಟಿಲ್ಲ, ನೀರು ಕುಡಿಯುವುದಿಲ್ಲ, ಸಂಜೆಗೆ ಅಂಚು ಕಂದುತ್ತದೆ. ಅದನ್ನು ಬಟ್ಟಲಿನ ನೀರಿನಲ್ಲಿ ತೇಲಿಬಿಟ್ಟು ಒಂದೇ ಕೂತಿನಲ್ಲಿ ಮುಗಿಸಬೇಕು. ಎರಡು ಮೂರು ದಿನದ ಕೆಲಸಕ್ಕೆ ತೊಟ್ಟಿರುವ ಹೂವನ್ನೇ ತಂದು, ತುದಿ ಓರೆಯಾಗಿ ಕತ್ತರಿಸಿ, ನೀರನ್ನು ದಿನಾ ಬದಲಿಸಿ. ದಾಸವಾಳ ಒಂದು ಹಗಲಿನದು, ಅದಿದ್ದರೆ ಮೊದಲು ಅದನ್ನೇ ಬರೆಯಿರಿ. ಕೆಂಪು ಗುಲಾಬಿ ಬಾಡುತ್ತ ನೇರಳೆಗೆ ತಿರುಗುತ್ತದೆ. ಮೂರನೇ ದಿನ ಕ್ಯಾನ್ವಾಸಿನ ಕೆಂಪು ಹೊಂದುತ್ತಿಲ್ಲ ಎಂದರೆ ಕ್ಯಾನ್ವಾಸಿನದೇ ಸರಿ ಇರಬಹುದು.

ಹಾಗಾಗಿ ಮೊದಲ ದಿನವೇ ಗುರುತು ಇಟ್ಟುಕೊಳ್ಳಬೇಕು. ಕಲಸಿದ ಬಣ್ಣವನ್ನು ಪ್ಯಾಲೆಟ್ ನೈಫಿನ (ಬಣ್ಣ ಕಲಸುವ ಮೊಂಡು ಚಾಕು) ತುದಿಗೆ ತೆಗೆದುಕೊಂಡು, ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಎಸಳಿನ ಮೇಲೇ ಹಿಡಿದಂತೆ ನೋಡಿ. ನೈಫಿನ ಅಂಚು ಎಸಳಿನಲ್ಲಿ ಕರಗಿದಂತೆ ಕಂಡರೆ ಬಣ್ಣ ಸರಿ. ಅದನ್ನು ರಟ್ಟಿಗೆ ಒರೆಸಿ ‘ಹಳದಿ, ಬೆಳಕು’, ‘ಹಳದಿ, ನೆರಳು’ ಎಂದು ಬರೆದಿಡಿ. ಹೂವಿಗೆ ಮೂರರಂತೆ ಒಂಬತ್ತು ಹತ್ತು ಚುಕ್ಕೆ ಸಾಕು. ಈ ರಟ್ಟು ಇದ್ದರೆ ಮುಂದಿನ ಅರ್ಧ ಜಗಳ ಇರುವುದಿಲ್ಲ.

ಟೋನ್

ಮೊಬೈಲಿನಲ್ಲಿ ಜೋಡಣೆಯದೊಂದು, ಚಿತ್ರದ್ದೊಂದು ಫೋಟೊ ತೆಗೆದು ಎರಡನ್ನೂ ಕಪ್ಪು ಬಿಳುಪು ಮಾಡಿ. ಕೆಂಪು ಗುಲಾಬಿ, ಅದರ ಹಸಿರು ಎಲೆ ಎರಡೂ ಒಂದೇ ಬೂದಿಯಾಗಿ ಕಲೆತುಹೋದರೆ ಎಷ್ಟು ಚೆಂದದ ಕೆಂಪು ಹಚ್ಚಿದರೂ ಹೂವು ಎದ್ದು ಬರುವುದಿಲ್ಲ. ಅಲ್ಲಿ ಬದಲಿಸಬೇಕಾದ್ದು ಎಲೆ. ಹೂವಿನ ಬೆಳಕಿನ ಬದಿಯ ಎಲೆಯನ್ನು ಒಂದು ಮೆಟ್ಟಿಲು ಗಾಢ ಮಾಡಿ, ನೆರಳಿನ ಬದಿಯದನ್ನು ಒಂದು ಮೆಟ್ಟಿಲು ತಿಳಿ ಮಾಡಿ.

ಹಳದಿ ಹುಟ್ಟಿನಿಂದಲೇ ತಿಳಿ ಬಣ್ಣ. ನಿಂಬೆ ಹಳದಿ ಬಿಳಿಯ ಪಕ್ಕದ ಮೆಟ್ಟಿಲಲ್ಲೇ ಇರುತ್ತದೆ. ಬಿಳಿ ಸೇವಂತಿಗೆಯ ನೆರಳು, ಹಳದಿ ಸೇವಂತಿಗೆಯ ಬೆಳಕು ಎರಡೂ ಟೋನಿನಲ್ಲಿ ಹತ್ತಿರ ಹತ್ತಿರ. ಇದನ್ನು ಕಾಣದೆ ಹಳದಿಯ ನೆರಳನ್ನು ಕಾಫಿ ಬಣ್ಣದಷ್ಟು ಇಳಿಸಿಬಿಟ್ಟರೆ ಹೂವು ಸುಟ್ಟಂತೆ ಕಾಣುತ್ತದೆ.

ಪಕ್ಕದ ಬಣ್ಣ

ಮಿಶೆಲ್ ಯುಜೀನ್ ಶೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1824ರಲ್ಲಿ ಪ್ಯಾರಿಸಿನ ಗೋಬೆಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಕಪ್ಪು ನೂಲಿಗೆ ಗಟ್ಟಿತನವಿಲ್ಲ ಎಂಬ ದೂರು ಅವನ ಮುಂದಿತ್ತು. ನೂಲು ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ. ನೀಲಿ, ನೇರಳೆಯ ಪಕ್ಕ ನೇಯ್ದಿದ್ದರಿಂದ ಕಪ್ಪು ಸಪ್ಪೆಯಾಗಿ ಕಂಡಿತ್ತು. ಇಳಕಲ್ ಸೀರೆ ನೇಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆ ಸುಲಭ. ಬೂದು ರಟ್ಟಿನಲ್ಲಿ 1 ಸೆಂಟಿಮೀಟರ್ ಚೌಕದ ತೂತು ಮಾಡಿ, ಸೊರಗಿದಂತೆ ಕಂಡ ಬಣ್ಣದ ಮೇಲೆ ಹಿಡಿಯಿರಿ. ತೂತಿನೊಳಗೆ ಆ ಬಣ್ಣ ನಿಮ್ಮ ಗುರುತಿನ ರಟ್ಟಿಗೆ ಹೊಂದಿದರೆ ಹೂವು ಸರಿಯಿದೆ, ಸುತ್ತಲಿನದು ಅದನ್ನು ಕೊಲ್ಲುತ್ತಿದೆ. ಓಕರ್ (ಮಣ್ಣಿನ ಹಳದಿ) ಬಣ್ಣದ ಗೋಡೆಯ ಮುಂದೆ ಹಳದಿ ಸೇವಂತಿಗೆ ಎಷ್ಟು ತಿದ್ದಿದರೂ ಏಳುವುದಿಲ್ಲ. ಗೋಡೆಗೆ ಅಲ್ಟ್ರಾಮರೀನ್ ನೀಲಿ ಕಡಲೆಯಷ್ಟು, ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಕಡಲೆಯಷ್ಟು, ಕ್ವಿನಾಕ್ರಿಡೋನ್ ರೋಸ್ ಜೋಳದ ಕಾಳಿನಷ್ಟು, ಬೇಕಾದಷ್ಟು ಬಿಳಿ ಸೇರಿಸಿ ಮಾಸಿದ ನೇರಳೆ ಬೂದು ಮಾಡಿ ಹಚ್ಚಿ. ಅದೇ ಹಳದಿ ದೀಪದಂತೆ ಹೊತ್ತುತ್ತದೆ. ಹಾಗಂತ ಅಚ್ಚ ನೇರಳೆ ಹಚ್ಚಿದರೆ ಚಿತ್ರ ಹೋಗಿ ಅಂಗಡಿಯ ಬೋರ್ಡು ಆಗುತ್ತದೆ.

ಎಲ್ಲ ಹೂವೂ ಸಮವಾಗಿ ಕೂಗುವುದು ಇದರದೇ ಇನ್ನೊಂದು ಮುಖ. ಅಚ್ಚ ಬಣ್ಣ ಚಿತ್ರದ ಹತ್ತರಲ್ಲೊಂದು ಪಾಲಿಗೆ ಸಾಕು ಎಂಬುದು ನಮ್ಮ ಲೆಕ್ಕ. ಉಳಿದದ್ದು ಹಾವೇರಿಯ ಏಲಕ್ಕಿ ಹಾರದ ಬಣ್ಣದಂತಿರಬೇಕು: ಹಸಿರೂ ಅಲ್ಲ, ಕೆನೆಯೂ ಅಲ್ಲ, ಪಕ್ಕದಲ್ಲಿ ಏನಿಟ್ಟರೂ ಅದನ್ನು ಮೆರೆಸುವಂಥದ್ದು.

ಮಿಶ್ರಣ

ಇಷ್ಟು ನೋಡಿದ ಮೇಲೂ ದೋಷ ಉಳಿದಿದ್ದರೆ ಈಗ ಪ್ಯಾಲೆಟ್ ಕಡೆ ಬನ್ನಿ.

ಹಳದಿಯ ನೆರಳು ಹಸಿರಾಗಿದ್ದರೆ ಕಪ್ಪು ಸೇರಿದೆ. ಟ್ಯೂಬಿನ ಕಪ್ಪು ಸ್ವಭಾವದಲ್ಲಿ ನೀಲಿಯ ಕಡೆಯದು, ಹಳದಿ ಸೇರಿದ ಕೂಡಲೆ ಆಲಿವ್ ಹಸಿರು. ಇದೇ ಮಿಶ್ರಣ ಸೇವಂತಿಗೆಯ ಎಲೆಗೆ ಚೆನ್ನಾಗಿ ಒಪ್ಪುತ್ತದೆ, ಹೂವಿಗೆ ಬೇಡ. ಹೂವಿನ ನೆರಳಿಗೆ ಹಳದಿ ನಾಲ್ಕು ಕಡಲೆ, ರಾ ಸಿಯೆನ್ನಾ ಒಂದು ಕಡಲೆ, ಅಲ್ಟ್ರಾಮರೀನ್ ಮತ್ತು ಕ್ವಿನಾಕ್ರಿಡೋನ್ ರೋಸ್ ಕೂಡಿಸಿದ ನೇರಳೆ ಒಂದು ಸಾಸಿವೆ. ಎಸಳುಗಳ ಸಂದಿಗೆ, ತೀರ ಒಳಗೆ, ಬರ್ನ್ಟ್ ಸಿಯೆನ್ನಾ.

ಚೆಂಡು ಹೂವಿನ ಕಿತ್ತಳೆ ಮಂಕಾಗಿದ್ದರೆ ನಿಂಬೆ ಹಳದಿಗೆ ಕ್ರಿಮ್ಸನ್ ಸೇರಿಸಿದ್ದೀರಿ. ಒಂದು ಹಸಿರಿಗೆ ವಾಲಿದ ಹಳದಿ, ಇನ್ನೊಂದು ನೀಲಿಗೆ ವಾಲಿದ ಕೆಂಪು, ಕೂಡಿದಾಗ ಒಂದನ್ನೊಂದು ತಿನ್ನುತ್ತವೆ. ಟ್ಯೂಬಿನ ಮೇಲೆ ಬಣ್ಣದ ಪುಡಿಯ ಸಂಕೇತ ನೋಡಿ, ಪಿವೈ 65ರಂಥ ಬೆಚ್ಚನೆಯ ಹಳದಿ, ಪಿಆರ್ 254ರಂಥ ಬೆಚ್ಚನೆಯ ಕೆಂಪು ಇರುವುದನ್ನು ತೆಗೆದುಕೊಳ್ಳಿ. ನೇರಳೆ ಹೂವಿಗೆ ಇದರ ಉಲ್ಟಾ. ಬೆಚ್ಚನೆಯ ಕೆಂಪಿಗೆ ನೀಲಿ ಸೇರಿಸಿದರೆ ಬರುವುದು ಧಾರವಾಡ ಪೇಢೆಯ ಬಣ್ಣ. ಅಲ್ಲಿ ಪಿಆರ್ 122, ಅಂದರೆ ಕ್ವಿನಾಕ್ರಿಡೋನ್ ಮಜೆಂಟಾ ಬೇಕು.

ಕೆಂಪು ಗುಲಾಬಿಯ ಬೆಳಕಿಗೆ ಬಿಳಿ ಹಾಕಿದರೆ ಅದು ತಿಳಿ ಕೆಂಪಾಗುವುದಿಲ್ಲ, ಗುಲಾಬಿ ಬಣ್ಣವಾಗುತ್ತದೆ. ಬೆಳಕಿಗೆ ಕಿತ್ತಳೆ ಸೇರಿಸಿ. ಬಿಳಿಯನ್ನು, ಅದೂ ಚೂರು ನೀಲಿ ತಾಗಿದ ಬಿಳಿಯನ್ನು, ಆಕಾಶ ಪ್ರತಿಫಲಿಸುವ ಹೊರಮಡಿಕೆಯ ಅಂಚಿಗೆ ಮಾತ್ರ ಎಳೆಯಿರಿ. ನೆರಳಿಗೆ ಕಪ್ಪು ಹಾಕಿದ್ದೇ ಇಟ್ಟಿಗೆ ಬಣ್ಣಕ್ಕೆ ಕಾರಣ. ಅದರ ಬದಲು ಕೆಂಪು ಮೂರು ಕಡಲೆ, ಕ್ವಿನಾಕ್ರಿಡೋನ್ ರೋಸ್ ಒಂದು ಕಡಲೆ, ಥ್ಯಾಲೋ ಹಸಿರು ಒಂದು ಸಾಸಿವೆ. ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಸುಕ್ಕಿನೊಳಗೆ ಕಾಣುವ ಕೆಂಪು ಬರುತ್ತದೆ. ಥ್ಯಾಲೋ ಸಾಸಿವೆಗಿಂತ ಹೆಚ್ಚಾದರೆ ಇಡೀ ಗುಡ್ಡೆ ಹಾಳು, ಅದರ ಬಣ್ಣದ ಬಲ ಅಷ್ಟಿದೆ.

ಬಿಳಿ ಹೂವು ಹಿಟ್ಟಾಗುವುದು ಎಲ್ಲ ಎಸಳಿಗೂ ಟ್ಯೂಬಿನ ಬಿಳಿಯನ್ನೇ ಹಚ್ಚಿದಾಗ. ಒಂದು ಬಿಳಿ ಸೇವಂತಿಗೆಯನ್ನು ಹತ್ತಿರ ಹಿಡಿದು ನೋಡಿ. ನಡುವೆ ಇನ್ನೂ ಬಿಚ್ಚದ ಎಸಳು ಹಸಿರು ಹಳದಿ. ಬೆಳಕಿಗೆ ಎದುರಾದ ಎಸಳಿನಲ್ಲಿ ಕೆನೆಯ ಛಾಯೆ. ಹಿಂದಿನ ಎಸಳಿನ ಬೆಳಕು ಮುಂದಿನದರೊಳಗೆ ತೂರಿ ಬಂದ ಕಡೆ ಬೆಚ್ಚನೆಯ ಬೂದಿ. ಅಡಿಯಲ್ಲಿ ಹಿತ್ತಾಳೆ ತಂಬಿಗೆಯ ಹಳದಿ. ಅಚ್ಚ ಬಿಳಿ ಎಂಬುದು ಮೂರು ನಾಲ್ಕು ತುದಿಗಳಲ್ಲಿ ಅಷ್ಟೇ. ಹಾಗೇ ಹಚ್ಚಿ: ಬೆಳಕಿಗೆ ಟೈಟಾನಿಯಂ ಬಿಳಿ ಐದು ಕಡಲೆಗೆ ಹಳದಿ ಓಕರ್ ಒಂದು ಜೋಳದ ಕಾಳು, ನೆರಳಿಗೆ ಅದೇ ಬಿಳಿಗೆ ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ಒಂದೊಂದು ಜೋಳದ ಕಾಳು. ಬಟ್ಟೆಯ ಬಣ್ಣದ ಒಂದು ಚೂರನ್ನು ನೆರಳಿಗೆ ಬೆರೆಸಿದರೆ ಹೂವು ಆ ಜಾಗದ್ದೇ ಅನ್ನಿಸುತ್ತದೆ. ಅಚ್ಚ ಬಿಳಿಯ ತುದಿಗಳು ಕೊನೆಗೆ, ಒಂದೇ ಏಟಿಗೆ.

ಎಲೆ ಪ್ಲಾಸ್ಟಿಕ್ಕಿನಂತಿದ್ದರೆ ಟ್ಯೂಬಿನ ಹಸಿರು ನೇರ ಬಂದಿದೆ, ಬರ್ನ್ಟ್ ಸಿಯೆನ್ನಾ ಸೇರಿಸಿ ಮುರಿಯಿರಿ. ಒಂದೇ ಎಲೆಯ ಮೇಲ್ಮೈಯಲ್ಲಿ ಆಕಾಶದ ನೀಲಿ ಬೂದು, ಬೆಳಕು ತೂರಿ ಬರುವ ಕಡೆ ಹಳದಿ ಹಸಿರು ಇರುತ್ತದೆ. ಎರಡನ್ನೂ ಒಂದೇ ಹಸಿರಿನಿಂದ ತುಂಬಿದವರ ಎಲೆ ಎಂದೂ ಜೀವ ಹಿಡಿಯುವುದಿಲ್ಲ.

ಇನ್ನು ಎಲ್ಲವೂ ರಾಡಿಯಾಗಿದ್ದರೆ ಕಾರಣ ನಾಲ್ಕರಲ್ಲೊಂದು: ಬೇಕಾದ್ದಕ್ಕಿಂತ ಹೆಚ್ಚು ಟ್ಯೂಬಿನ ಬಣ್ಣ ಕಲೆತಿದೆ, ಟರ್ಪೆಂಟೈನ್ ಹೊಲಸಾಗಿದೆ, ಹಸಿ ಬಣ್ಣದ ಮೇಲೆ ಬ್ರಷ್ ನಾಲ್ಕೈದು ಸಲ ಆಡಿದೆ, ಅಥವಾ ಕೆಂಪಿನ ಬ್ರಷ್ ಹಸಿರಿಗೆ ಹೋಗಿದೆ. ನೈಫಿನಿಂದ ಕೆರೆದು ತೆಗೆದು, ಬಟ್ಟೆಯಿಂದ ಒರೆಸಿ, ಹೊಸ ಬಣ್ಣವನ್ನು ಒಂದೇ ಎಳೆತದಲ್ಲಿ ಇಟ್ಟು ಕೈ ತೆಗೆಯಿರಿ. ಟರ್ಪೆಂಟೈನಿಗೆ ಎರಡು ಬಾಟಲಿ ಇರಲಿ, ಒಂದು ತೊಳೆಯಲು, ಒಂದು ಕಲಸಲು. ಹಳದಿ ಮತ್ತು ಬಿಳಿಗೆ ಬೇರೆಯೇ ಬ್ರಷ್ ಬೇಕು. ಇದರಲ್ಲಿ ಜಿಪುಣತನ ಬೇಡ.

ಎಣ್ಣೆ ಮತ್ತು ತಳ

ನಿನ್ನೆ ಹೊಳೆಯುತ್ತಿದ್ದ ಗಾಢ ಬಣ್ಣ ಒಣಗಿದ ಮೇಲೆ ಬೂದಿ ಬಡಿದಂತಾಗಿದೆಯೇ? ಒಣಗಿದ ಜಾಗದ ಮೇಲೆ ಒದ್ದೆ ಬೆರಳು ಆಡಿಸಿ. ಒದ್ದೆಯಾದಲ್ಲಿ ಹಳೆಯ ಬಣ್ಣ ಮರಳಿ ಬಂದರೆ ಮಿಶ್ರಣ ಸರಿಯಿದೆ, ಎಣ್ಣೆಯನ್ನು ಕ್ಯಾನ್ವಾಸು ಕುಡಿದಿದೆ. ಇದನ್ನು ತಿಳಿಯದೆ ಆ ಮಂಕಿಗೆ ಹೊಂದಿಸಿ ಸುತ್ತ ಬಣ್ಣ ಹಚ್ಚುತ್ತ ಹೋದರೆ, ವಾರ್ನಿಷ್ ಬಿದ್ದ ದಿನ ಇಡೀ ಲೆಕ್ಕ ತಪ್ಪುತ್ತದೆ. ಅಗಸೆ ಎಣ್ಣೆ ಒಂದು ಪಾಲು, ಟರ್ಪೆಂಟೈನ್ ಒಂದು ಪಾಲು ಬೆರೆಸಿ ತೆಳುವಾಗಿ ಸವರಿ, ಐದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಉಳಿದದ್ದೆಲ್ಲ ಒರೆಸಿ, ಆಮೇಲೆ ಮುಂದುವರಿಸಿ. ಮುಂದಿನ ಕ್ಯಾನ್ವಾಸಿಗೆ ಅಕ್ರಿಲಿಕ್ ಜೆಸ್ಸೊ (ತಳಕ್ಕೆ ಬಳಿಯುವ ಬಿಳಿ ಲೇಪ) ಇನ್ನೆರಡು ಪದರ ಕೊಡಿ. ಗೋಡೆಯ ಡಿಸ್ಟೆಂಪರ್ ಬಳಿದು ದುಡ್ಡು ಉಳಿಸಲು ಹೋಗಬೇಡಿ.

ಎಣ್ಣೆಯ ವಿಷಯದಲ್ಲಿ ನಮ್ಮ ಕಡೆ ಒಂದು ಆಸೆ ಹುಟ್ಟುತ್ತದೆ. ಅಗಸಿ ಚಟ್ನಿ, ಕುಸುಬಿ ಎಣ್ಣೆ ಮನೆಯಲ್ಲೇ ಇರುವಾಗ ಅಂಗಡಿಯ ಸಣ್ಣ ಬಾಟಲಿಗೆ ಯಾಕೆ ದುಡ್ಡು? ಗಾಣದ ಅಗಸೆ ಎಣ್ಣೆಯಲ್ಲಿ ಲೋಳೆ ಉಳಿದಿರುತ್ತದೆ, ಬಣ್ಣ ಬೇಗ ಹಳದಿಯಾಗುತ್ತದೆ. ಚಿತ್ರಕ್ಕೆ ಶುದ್ಧೀಕರಿಸಿದ ಅಗಸೆ ಎಣ್ಣೆಯೇ ಬೇಕು. ಕುಸುಬಿ ಕಡಿಮೆ ಹಳದಿಯಾಗುತ್ತದೆ ಎಂದು ಕೆಲವು ತಯಾರಕರು ಬಿಳಿ ಬಣ್ಣವನ್ನು ಅದರಲ್ಲೇ ಅರೆಯುತ್ತಾರೆ ನಿಜ. ಆದರೆ ಅದು ನಿಧಾನ ಒಣಗುತ್ತದೆ, ಪದರವೂ ಅಷ್ಟು ಗಟ್ಟಿಯಲ್ಲ. ಅಂಥ ಬಿಳಿಯನ್ನು ದಪ್ಪಗೆ ಅಡಿಗೆ ಹಾಕಿ ಮೇಲೆ ಬೇಗ ಒಣಗುವ ಅಂಬರ್ (ಮಣ್ಣಿನ ಕಂದು) ಹಚ್ಚಿದರೆ ಬಿರುಕು ಬಿಡುತ್ತದೆ. ಅಡುಗೆಯ ಪಾಕೆಟ್ಟಿನ ಕುಸುಬಿಯಂತೂ ಬೇಡವೇ ಬೇಡ. ಶೇಂಗಾ ಎಣ್ಣೆ ಒಣಗುವುದೇ ಇಲ್ಲ, ವರ್ಷ ಬಿಟ್ಟು ಮುಟ್ಟಿದರೂ ಅಂಟು.

ಬಿಳಿ ಹೂವು ಅಟ್ಟದಲ್ಲಿಟ್ಟ ಚಿತ್ರದಲ್ಲಿ ಹಳದಿಯಾಗಿದ್ದರೆ ಗಾಬರಿಯಾಗಬೇಡಿ. ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗೆ ತಿರುಗುತ್ತದೆ. ನೇರ ಬಿಸಿಲು ಬೀಳದ ಬೆಳಕಿನಲ್ಲಿ ಕೆಲವು ವಾರ ತೂಗುಹಾಕಿದರೆ ಬಹುಪಾಲು ಇಳಿಯುತ್ತದೆ. ತಿದ್ದಲು ಹೋದರೆ ಮಾತ್ರ ಕೆಟ್ಟಿತು.

ಟ್ಯೂಬಿನೊಳಗಿನದು

ಮೇಲಿನ ಯಾವುದೂ ಅಲ್ಲ, ವರ್ಷದ ಹಿಂದೆ ಸರಿಯಿದ್ದ ಗುಲಾಬಿ ಈಗ ಬಿಳಿಚಿದೆ ಎಂದರೆ ಬಣ್ಣದ ಪುಡಿಯೇ ಹಾರಿದೆ. ವ್ಯಾನ್ ಗಾಗ್ 1890ರಲ್ಲಿ ಬರೆದ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಗುಲಾಬಿಗಳಿಗೂ ಇದೇ ಗತಿಯಾಯಿತು. ಇಂದು ಬಹುತೇಕ ಬಿಳಿಯಾಗಿ ಕಾಣುವ ಆ ಹೂಗಳು ಮೊದಲು ಗುಲಾಬಿ ಬಣ್ಣದವು. ಹಳೆಯ ಡಚ್ ಹೂಚಿತ್ರಗಳಲ್ಲಿ ಕೆಲವು ಎಲೆ ನೀಲಿಯಾಗಿ ಕಾಣುವುದೂ ನೀಲಿಯ ಜೊತೆ ಸೇರಿಸಿದ್ದ ಸಸ್ಯಜನ್ಯ ಹಳದಿ ಮಾಸಿದ್ದರಿಂದ.

ಟ್ಯೂಬು ಕೊಳ್ಳುವಾಗ ಹೆಸರು ನೋಡಬೇಡಿ, ಸಂಕೇತ ನೋಡಿ. ‘ಕ್ರಿಮ್ಸನ್’ ಎಂದು ಬರೆದ ಟ್ಯೂಬಿನಲ್ಲಿ ಪಿಆರ್ 83 ಇದ್ದರೆ ಅದು ಬೆಳಕಿಗೆ ಮಾಸುವ ಅಲಿಜರಿನ್. ಪಿವಿ 19 ಇದ್ದರೆ ಬಾಳಿಕೆ ಬರುವ ಕ್ವಿನಾಕ್ರಿಡೋನ್. ಹೊಳೆಯುವ ಫ್ಲೋರೊಸೆಂಟ್ ಗುಲಾಬಿ ಬಣ್ಣ ಯಾವ ಕಂಪನಿಯದಾದರೂ ಉಳಿಯುವುದಿಲ್ಲ. ಸಂಕೇತವೇ ಇಲ್ಲದಿದ್ದರೆ ರಟ್ಟಿನ ಮೇಲೆ ಪಟ್ಟಿ ಎಳೆದು, ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಫೆಬ್ರುವರಿಯಿಂದ ಮೇ ತನಕ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಹುಬ್ಬಳ್ಳಿಯ ಬೇಸಿಗೆಗಿಂತ ಖಡಕ್ ಪರೀಕ್ಷಕ ಬೇರೆ ಬೇಕಿಲ್ಲ.

ಜಲವರ್ಣ, ಮಳೆಗಾಲ, ಧೂಳು

ಜಲವರ್ಣದಲ್ಲಿ ಎಸಳಿನ ನಡುವೆ ಹೂಕೋಸಿನಂಥ ಕಲೆ ಎದ್ದರೆ ಅರ್ಧ ಒಣಗಿದ ಜಾಗಕ್ಕೆ ಹೆಚ್ಚು ನೀರಿನ ಬ್ರಷ್ ತಾಗಿದೆ. ಧಾರವಾಡದ ಜುಲೈ ಮಳೆಯಲ್ಲಿ ಕಾಗದ ಬೇಗ ಒಣಗುವುದಿಲ್ಲ, ಕಣ್ಣಿಗೆ ಒಣಗಿದಂತೆ ಕಂಡರೂ ಮೋಸ. ಕೈಯ ಹಿಂಬದಿ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಹಸಿ. ಬಣ್ಣ ಚುಕ್ಕೆ ಚುಕ್ಕೆಯಾಗಿ ಕಾಗದದೊಳಗೆ ಇಂಗಿದರೆ ಕಾಗದದ ಅಂಟು ಸತ್ತಿದೆ, ಆ ಹಾಳೆ ಕಚ್ಚಾ ಕೆಲಸಕ್ಕೆ ಅಷ್ಟೇ.

ಮಳೆಗಾಲದಲ್ಲಿ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಬರುತ್ತದೆ. ಗೋಡೆಯಿಂದ ಒಂದು ಇಂಚು ದೂರ ಇರುವಂತೆ ಕೆಳ ಮೂಲೆಗಳಿಗೆ ಬಿರಡೆಯ ತುಂಡು ಅಂಟಿಸಿ. ಬೇಸಿಗೆಯಲ್ಲಿ ಧೂಳಿನ ಕಾಟ: ಹಸಿ ಚಿತ್ರವನ್ನು ಮುಖ ಗೋಡೆಗೆ ಮಾಡಿ, ಮುಂದಕ್ಕೆ ಬಾಗಿಸಿ ಒಣಗಿಸಿ. ಕೂತ ಧೂಳನ್ನು ಹಸಿಯಲ್ಲಿ ಒರೆಸಬೇಡಿ, ಒಣಗಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ವಾರ್ನಿಷಿಗೆ ಆರು ತಿಂಗಳು ಕಾಯಿರಿ, ಬಣ್ಣ ದಪ್ಪವಿದ್ದರೆ ವರ್ಷ.

ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಹೊರಗೆ ಹಗ್ಗದ ಮೇಲೆ ಬಿಡಿಸಿ ಹಾಕಿ, ಗರಿಗರಿ ಒಣಗಿದ ಮೇಲೆ ಕಸಕ್ಕೆ ಹಾಕಿ.